ಹಣ ನೋಡಿ ಒಲಿದರೆ ಅಪರಾಧವೇ?

ಹಣಕ್ಕಾಗಿಯೇ ಪ್ರೀತಿ ಮಾಡುವುದು ‘ಫೋರ್ ಟ್ವೆಂಟಿ’ ಕೆಲಸ, ಅಂಥವರ ಮೇಲೆ ಕೇಸು ಹಾಕಿ ಕೊಟ್ಟದ್ದನ್ನೆಲ್ಲ ಮರಳಿ ಪಡೆಯಬಹುದು ಎಂಬ ಮಾತು ಹುಬ್ಬಳ್ಳಿ-ಧಾರವಾಡದ ಕಟ್ಟೆ-ಪಡಸಾಲೆಗಳಲ್ಲಿ ಕೇಳಿಬರುತ್ತದೆ. ಆಪಾದನೆ ಬಹುಮಟ್ಟಿಗೆ ಹೆಣ್ಣಿನ ಮೇಲೆಯೇ ಹೊರಿಸಲ್ಪಡುವುದೂ ಉಂಟು, ಸಂಬಳದ ಹುಡುಗಿಯ ಹಣದಲ್ಲಿ ತಿರುಗಾಡುವ ಗಂಡಿಗೆ ಆ ಬಿರುದು ಅಷ್ಟು ಬೇಗ ಅಂಟುವುದಿಲ್ಲ. ಭಾರತೀಯ ದಂಡ ಸಂಹಿತೆಯ ಆ 420ನೆಯ ಕಲಮಿನ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318(4)ನೆಯ ಕಲಮು ಬಂದಿದೆಯಾದರೂ, ಹಳೆಯದಾಗಲಿ ಹೊಸದಾಗಲಿ ಒಲವಿನ ಕಾರಣವನ್ನು ವಿಚಾರಿಸುವುದಿಲ್ಲ.

ಕಾನೂನು ಕೇಳುವುದು ವಂಚನೆಯನ್ನು, ಎಂದರೆ ಸುಳ್ಳು ನಂಬಿಸಿ ಅಪ್ರಾಮಾಣಿಕವಾಗಿ ಸ್ವತ್ತು ಪಡೆಯುವುದನ್ನು. ಆ ದುರುದ್ದೇಶ ಆರಂಭದಲ್ಲಿಯೇ ಇದ್ದಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ (2000) ಸ್ಪಷ್ಟಪಡಿಸಿದೆ. ಆದುದರಿಂದ ತಾಯಿಯ ಆಪರೇಷನ್ ಎಂದು ಸುಳ್ಳು ಹೇಳಿ ಎರಡು ಲಕ್ಷ ಪಡೆದವರು 7 ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗಬಹುದು. ಊಟ, ಬೈಕು, ಬಂಗಾರ ಎಲ್ಲವನ್ನೂ ಪಡೆದು ಮನಸ್ಸು ತಿರುಗಿ ದೂರ ಸರಿದವರು, ನಡತೆ ಎಷ್ಟೇ ಹಗುರವಾಗಿರಲಿ, ಅಷ್ಟರಿಂದಲೇ ಅಪರಾಧಿಗಳಾಗುವುದಿಲ್ಲ.

ಕೊಟ್ಟದ್ದು ಮರಳಿ ಬರುತ್ತದೆಂಬುದೂ ಪೂರ್ತಿ ನಿಜವಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ ಪ್ರಕಾರ, ಪ್ರತಿಫಲವಿಲ್ಲದೆ ಸ್ವಇಚ್ಛೆಯಿಂದ ಕೊಟ್ಟದ್ದು ದಾನ. ಉಣಕಲ್ ಕೆರೆಯ ದಂಡೆಯಲ್ಲಿ ತೊಡಿಸಿದ ಉಂಗುರದಂಥ ಚರವಸ್ತುವಿನ ದಾನ ಕೈಗೆ ಕೊಟ್ಟೊಡನೆ ಪೂರ್ಣವಾಗುತ್ತದೆ, ಮತ್ತು ವಂಚನೆ, ಬಲಾತ್ಕಾರಗಳಂಥ ಕಾರಣವಿಲ್ಲದೆ ಕೊಟ್ಟವರ ಬರೀ ಮನಸ್ಸಿನಿಂದ ಅದನ್ನು ರದ್ದುಪಡಿಸಲಾಗದು. ಕೈಗಡದ ದಾರಿ ಬೇರೆ: ಫೋನ್‌ಪೇಯಲ್ಲಿ 20,000 ರೂಪಾಯಿ ಕಳಿಸುವಾಗ ‘ಕೈಗಡ’ ಎಂದು ಬರೆದು, ‘ಮುಂದಿನ ತಿಂಗಳು ಕೊಡತೇನಿ’ ಎಂಬ ಉತ್ತರವನ್ನು ವಾಟ್ಸಾಪಿನಲ್ಲಿ ಪಡೆದಿದ್ದರೆ ಸಿವಿಲ್ ದಾವೆಗೆ ಅದು ಸಾಕ್ಷ್ಯವಾಗಿ ಒದಗುತ್ತದೆ. ದಾವೆಯ ಅವಧಿ ಸಾಮಾನ್ಯವಾಗಿ 3 ವರ್ಷ.

ಫೋಟೋ ತೋರಿಸಿ ಹೆದರಿಸಿ ಹಣ ಕೀಳುವ ಹನಿಟ್ರ್ಯಾಪ್‌ಗೆ ಭಾರತೀಯ ನ್ಯಾಯ ಸಂಹಿತೆಯ 308ನೆಯ ಕಲಮು ಅನ್ವಯಿಸುತ್ತದೆ. ಆನ್‌ಲೈನಿನಲ್ಲಿ ಬೇರೊಬ್ಬರ ಸೋಗು ಹಾಕಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಡಿ ಕಲಮಿನಡಿ 3 ವರ್ಷಗಳವರೆಗೆ ಸೆರೆವಾಸವಿದ್ದು, ಅಂಥ ಹಣ ಹೋದ ಗಳಿಗೆಯಲ್ಲಿಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು ಲೇಸು.

ವಿಚಿತ್ರವೆಂದರೆ, ಹಣ ನೋಡಿ ಪ್ರೀತಿಸಿದವರನ್ನು ಹಳಿಯುವ ಮನೆಯಲ್ಲಿಯೇ ವರನ ಹೊಲ, ಪ್ಲಾಟು, ಪಗಾರ ವಿಚಾರಿಸಿ ಸಂಬಂಧ ಕುದುರಿಸುವುದು ಜಾಣತನವೆನಿಸುತ್ತದೆ. ವಿಚಾರಿಸುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಅದೇ ಮಾತುಕತೆಯಲ್ಲಿ ವರದಕ್ಷಿಣೆ ಕೇಳಿದರೆ ಮಾತ್ರ, ಒಂದು ರೂಪಾಯಿಯೂ ಕೈಗೆ ಬಾರದಿದ್ದರೂ, 1961ರ ವರದಕ್ಷಿಣೆ ನಿಷೇಧ ಅಧಿನಿಯಮದ 4ನೆಯ ಕಲಮಿನಡಿ 6 ತಿಂಗಳಿಂದ 2 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿದೆ.