ಅಣುಜೀವಿಯ ಕೋಟೆ

ದೆಹಲಿಯ ಕೆಂಪುಕೋಟೆಯನ್ನು ನೀವೆಲ್ಲರೂ ಬಲ್ಲಿರಿ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನೂ ಕೆಲವರು ಕಂಡಿರಬಹುದು. ಕಲ್ಲಿನ ಕೋಟೆಯು ಕಟ್ಟಿದ ಮೇಲೆ ತಾನಾಗಿ ಬೆಳೆಯದು. ಆದರೆ ಒಳಗಿರುವ ಜೀವದೊಡನೆ ತಾನೂ ಬೆಳೆಯುವ ಕೋಟೆಯೊಂದುಂಟು. ಅದೇ ಬ್ಯಾಕ್ಟೀರಿಯದ ಕೋಶಭಿತ್ತಿ.

ಬ್ಯಾಕ್ಟೀರಿಯವು ಒಂದೇ ಜೀವಕೋಶದ ಜೀವಿ. ನಮ್ಮ ಕರುಳಿನಲ್ಲಿ ವಾಸಿಸುವ ಈ. ಕೋಲೈ ಎಂಬುದರ ಉದ್ದವು ಒಂದು ಮಿಲಿಮೀಟರಿನ ಸುಮಾರು ಐನೂರರಲ್ಲಿ ಒಂದು ಪಾಲು. ಅದರೊಳಗೆ ಲವಣಗಳೂ ಪ್ರೋಟೀನುಗಳೂ ಕಿಕ್ಕಿರಿದಿರುವುದರಿಂದ ಹೊರಗಿನ ನೀರು ಒಳನುಗ್ಗಿ ಒತ್ತಡವನ್ನುಂಟುಮಾಡುತ್ತದೆ. ಸೈಕಲ್ಲಿನ ಟ್ಯೂಬನ್ನು ಟೈರು ಕಾಪಾಡುವಂತೆ, ತೆಳುವಾದ ಕೋಶಪೊರೆಯನ್ನು ಈ ಭಿತ್ತಿಯು ಒಡೆಯದಂತೆ ಕಾಪಾಡುತ್ತದೆ.

ಭಿತ್ತಿಯ ದ್ರವ್ಯಕ್ಕೆ ಪೆಪ್ಟಿಡೊಗ್ಲೈಕಾನ್ ಎಂದು ಹೆಸರು. ಎರಡು ಬಗೆಯ ಸಕ್ಕರೆಯ ಘಟಕಗಳನ್ನು ಒಂದಾದ ಮೇಲೊಂದರಂತೆ ಪೋಣಿಸಿದ ಸರಗಳು. ಸರಗಳ ನಡುವೆ ಅಮೈನೊ ಆಮ್ಲಗಳ ಗಿಡ್ಡ ಕೊಂಡಿಗಳು. ಎಲ್ಲವೂ ಸೇರಿ ಇಡೀ ಕೋಶಕ್ಕೆ ಹೊದಿಸಿದ ಒಂದೇ ಬಲೆ. ಇದರ ಬಿಡಿಭಾಗಗಳು ಕೋಶದೊಳಗೆ ಸಿದ್ಧವಾಗಿ, ಕೊಬ್ಬಿನಂಥ ವಾಹಕವೊಂದಕ್ಕೆ ಅಂಟಿಕೊಂಡು ಪೊರೆಯನ್ನು ದಾಟುತ್ತವೆ. ಅಲ್ಲಿ ಕಿಣ್ವಗಳು ಅವನ್ನು ಸರಕ್ಕೆ ಪೋಣಿಸಿ ಕೊಂಡಿ ಹಾಕುತ್ತವೆ.

ಎಲ್ಲ ಕಡೆಯೂ ಮುಚ್ಚಿದ ಬಲೆಯಲ್ಲಿ ಹೊಸ ಎಳೆಗೆ ಎಡೆಯೆಲ್ಲಿ? ಹಳೆಯ ಕೊಂಡಿಗಳನ್ನು ಕತ್ತರಿಸಿಯೇ ಎಡೆ ಮಾಡಬೇಕು. ಹೈದರಾಬಾದಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರದ ಮಂಜುಳಾ ರೆಡ್ಡಿಯವರೂ ಸಂಗಡಿಗರೂ ಈ. ಕೋಲೈಯಲ್ಲಿ ಈ ಕೆಲಸ ಮಾಡುವ ಮೂರು ಕಿಣ್ವಗಳನ್ನು 2012ರಲ್ಲಿ ತೋರಿಸಿಕೊಟ್ಟರು. ಮೂರೂ ಇಲ್ಲವಾದರೆ ಜೀವಿಯು ಬದುಕಲಾರದು. ಆದರೆ ಕತ್ತರಿಯ ಕೆಲಸ ಮಿತಿಮೀರಿದರೆ ಗೋಡೆಯೇ ಕುಸಿದೀತು! ಆದುದರಿಂದ ಈ ಕಿಣ್ವಗಳಲ್ಲೊಂದನ್ನು ಕೋಶವು ಕಾಲಕಾಲಕ್ಕೆ ತಾನೇ ನಾಶಮಾಡಿ ಹದದಲ್ಲಿಡುತ್ತದೆ. ಈ ಸಂಶೋಧನೆಗಳಿಗಾಗಿ ಮಂಜುಳಾ ರೆಡ್ಡಿಯವರಿಗೆ 2019ರ ಇನ್ಫೋಸಿಸ್ ಪ್ರಶಸ್ತಿ ದೊರೆಯಿತು.

ಅಲೆಗ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಕಂಡ ಪೆನಿಸಿಲಿನ್, ಕೊಂಡಿ ಹಾಕುವ ಕಿಣ್ವಗಳ ಕೈಕಟ್ಟುತ್ತದೆ. ಕತ್ತರಿಸುವುದು ನಡೆಯುತ್ತದೆ, ಜೋಡಿಸುವುದು ನಿಲ್ಲುತ್ತದೆ. ಕೋಶವು ಒಡೆದು ಸಾಯುತ್ತದೆ. ಮನುಷ್ಯನ ಜೀವಕೋಶಗಳಿಗೆ ಇಂಥ ಭಿತ್ತಿಯೇ ಇಲ್ಲದುದರಿಂದ ಅವಕ್ಕೆ ಈ ಅಪಾಯವಿಲ್ಲ.

ಆದರೆ ಬ್ಯಾಕ್ಟೀರಿಯಗಳೂ ಸುಮ್ಮನಿಲ್ಲ. ಔಷಧವನ್ನೇ ಮುರಿಯುವ ಕಿಣ್ವಗಳು ಕೆಲವಕ್ಕೆ ಉಂಟು. ಅಂಥದೊಂದಕ್ಕೆ ನಮ್ಮ ನಗರದ ಹೆಸರೇ ಬಂದಿದೆ! 2008ರಲ್ಲಿ ಸ್ವೀಡನ್ನಿನ ರೋಗಿಯೊಬ್ಬರಲ್ಲಿ ಅದು ಪತ್ತೆಯಾಯಿತು. ಅವರು ಅದಕ್ಕೆ ಮುಂಚೆ ನವದೆಹಲಿಗೆ ಬಂದಿದ್ದರು. ಎನ್‌ಡಿಎಂ-1 ಎಂಬ ಅದರ ಹೆಸರಿನ ಮೊದಲೆರಡು ಅಕ್ಷರಗಳು 'ನ್ಯೂ ಡೆಲ್ಲಿ'ಯನ್ನು ಸೂಚಿಸುತ್ತವೆ. ಕೊನೆಯ ಆಸರೆಯೆಂದು ಇಟ್ಟುಕೊಂಡ ಕಾರ್ಬಪೆನೆಮ್ ಔಷಧಗಳನ್ನೂ ಅದು ಮುರಿಯಬಲ್ಲುದು. 2011ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ದೆಹಲಿಯ ಬೀದಿಗಳಲ್ಲಿ ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲಿ, ಕುಡಿಯುವ ನೀರಿನ 50ರ ಪೈಕಿ 2ರಲ್ಲಿ ಇದರ ಜೀನು ಕಂಡುಬಂದಿತು.

ವಿದ್ಯಾರ್ಥಿಗಳೇ, ಔಷಧವನ್ನು ಬೇಕಾಬಿಟ್ಟಿಯಾಗಿ ಬಳಸಿದಷ್ಟೂ ಇಂಥ ಬ್ಯಾಕ್ಟೀರಿಯಗಳೇ ಉಳಿದು ಹೆಚ್ಚುತ್ತವೆ. ನೆಗಡಿಯನ್ನು ತರುವ ವೈರಸ್ಸಿಗೆ ಈ ಭಿತ್ತಿಯಿಲ್ಲ. ಅದಕ್ಕೆ ಪೆನಿಸಿಲಿನ್ ನಾಟದು. ವೈದ್ಯರು ಹೇಳದೆ ಆಂಟಿಬಯಾಟಿಕ್ಕನ್ನು ಕೊಳ್ಳದಿರುವುದು, ಅವರು ಹೇಳಿದಂತೆಯೇ ಸೇವಿಸುವುದು, ಕೈತೊಳೆದು ಉಣ್ಣುವುದು, ಇವು ಚಿಕ್ಕ ನಿಯಮಗಳೇ ಆದರೂ, ಆ ಕೋಟೆಯನ್ನು ಭೇದಿಸುವ ಅಸ್ತ್ರವು ಮೊಂಡಾಗದಂತೆ ಕಾಯುವುದು ಇವುಗಳಿಂದಲೇ.