ಹಂಪಿಯಲ್ಲಿ ಗೆಳೆಯನಿಗೆ ‘ಬ್ಯಾಡ್ ಟ್ರಿಪ್’ ಆದ್ರೆ ಏನು ಮಾಡ್ಬೇಕು?

ಹೊಸಪೇಟೆಯಿಂದ ಮಲಪನಗುಡಿ ದಾಟಿ ಹಂಪಿಗೆ ಹೋಗೋ ರಸ್ತೆಯಲ್ಲಿ ವೀಕೆಂಡ್ ಬಂತಂದ್ರೆ ಬೈಕುಗಳ ಸಾಲು. ಹೆಚ್ಚಿನವರು ಬರೋದು ಗುಡಿ, ಗುಡ್ಡ, ಸೂರ್ಯಾಸ್ತ ನೋಡೋಕೆ. ಕೆಲವರು ಬೇರೆ ಥರದ ‘ಟ್ರಿಪ್’ಗೂ ಬರ್ತಾರೆ. ನದಿಯಾಚೆ ವಿರುಪಾಪುರ ಗಡ್ಡೆಯ ಅಕ್ರಮ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ಕೆಡವಿದರು. ರೆಸಾರ್ಟ್ ಹೋದ್ವು, ಅಭ್ಯಾಸ ಪೂರ್ತಿ ಹೋಗಿಲ್ಲ.

ತಗೊಳ್ಳಿ ಅಂತ ನಾನು ಹೇಳ್ತಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಎಲ್‌ಎಸ್‌ಡಿ ಇಟ್ಟುಕೊಳ್ಳೋದೂ ಅಪರಾಧ, ಸೇವಿಸೋದೂ ಅಪರಾಧ. ಆದ್ರೆ ಪಕ್ಕದಲ್ಲಿದ್ದವನು ‘ನಾನು ಸಾಯ್ತಿದ್ದೀನಿ’ ಅಂತ ನಡುಗ್ತಿದ್ರೆ ಏನು ಮಾಡ್ಬೇಕು? ಇವತ್ತಿನ ವಿಷಯ ಅದು.

ತಲೆಯೊಳಗೆ ಆಗೋದೇನು?

ಎಲ್‌ಎಸ್‌ಡಿ, ಕೆಲವು ಜಾತಿಯ ಅಣಬೆ ಇವೆಲ್ಲ ಮೆದುಳಿನ ಸಿರೊಟೋನಿನ್ ವ್ಯವಸ್ಥೆ ಮೇಲೆ ಕೆಲಸ ಮಾಡ್ತವೆ. ನೋಟ, ಶಬ್ದ, ಸಮಯ, ಎಲ್ಲದರ ಅಳತೆ ತಪ್ಪುತ್ತೆ. ಮನಸ್ಸಿನಲ್ಲಿ ಮೊದಲೇ ಭಯ ಇದ್ರೆ ಅದು ಹತ್ತು ಪಟ್ಟಾಗಿ ಕಾಣುತ್ತೆ.

ಎಲ್‌ಎಸ್‌ಡಿ ಕಂಡುಹಿಡಿದ ಸ್ವಿಟ್ಜರ್‌ಲೆಂಡ್‌ನ ಆಲ್ಬರ್ಟ್ ಹಾಫ್‌ಮನ್‌ಗೂ ಇದು ಆಗಿತ್ತು. 1943ರ ಏಪ್ರಿಲ್ 19ರಂದು ಸ್ವತಃ ಅದನ್ನು ತಗೊಂಡ್ರು. ಹಾಲು ತಂದುಕೊಟ್ಟ ಪಕ್ಕದ ಮನೆಯಾಕೆ ಮಾಟಗಾತಿ ಥರ ಕಂಡಳು. ಹುಚ್ಚು ಹಿಡೀತು ಅಂದ್ಕೊಂಡ್ರು. ಡಾಕ್ಟರ್ ಬಂದು ನೋಡಿದ್ರೆ, ಕಣ್ಣಿನ ಪಾಪೆ ಹಿಗ್ಗಿದ್ದು ಬಿಟ್ರೆ ಬೇರೇನೂ ಇಲ್ಲ. ಬೆಳಗ್ಗೆ ಹೊತ್ತಿಗೆ ಆರಾಮಾದ್ರು. ಅಂದ್ರೆ ಆ ಭಯ ನಾಟಕ ಅಲ್ಲ. ಆದ್ರೆ ಸಾಮಾನ್ಯವಾಗಿ ಅದು ಇಳಿಯುತ್ತೆ. ಎಲ್‌ಎಸ್‌ಡಿಯಲ್ಲಿ ಅದಕ್ಕೆ 8ರಿಂದ 12 ಗಂಟೆ ಹಿಡಿಯಬಹುದು.

ಜೊತೆಗಿರೋರು ಮಾಡಬೇಕಾದ್ದು

ಮೊದಲು ಬಂಡೆಯ ಅಂಚು, ನದಿ ದಂಡೆ, ಬೈಕು ಮೂರರಿಂದಲೂ ದೂರ ಕರ್ಕೊಂಡು ಬನ್ನಿ. ಗದ್ದಲ, ಜೋರು ಬೆಳಕು ಇಲ್ಲದ ಕಡೆ ಕೂರಿಸಿ. ಒಬ್ಬರೇ ಮಾತಾಡಿ, ಮೆಲ್ಲಗೆ: ‘ನೀನು ತಗೊಂಡಿದ್ದರಿಂದ ಹೀಗಾಗ್ತಿದೆ. ಇಳಿಯುತ್ತೆ. ನಾನು ಇಲ್ಲೇ ಇದ್ದೀನಿ.’ ವಾದ ಬೇಡ, ಬೈಗುಳ ಬೇಡ, ವಿಡಿಯೊ ಅಂತೂ ಬೇಡವೇ ಬೇಡ. ಎಣ್ಣೆ, ನಿದ್ದೆ ಮಾತ್ರೆ ಕೊಡಬೇಡಿ. ಮಂಪರಿನಲ್ಲಿರೋರ ಬಾಯಿಗೆ ಮಜ್ಜಿಗೆ, ನಿಂಬೆರಸ ಸುರಿಬೇಡಿ, ಉಸಿರುಗಟ್ಟುತ್ತೆ.

ಕಾಯಲೇಬಾರದ ಲಕ್ಷಣಗಳು

ಫಿಟ್ಸ್, ಎಚ್ಚರ ತಪ್ಪೋದು, ಎದೆನೋವು, ಉಸಿರಾಟದ ತೊಂದರೆ, ಮೈ ಕೆಂಡದಂತೆ ಸುಡೋದು, ತನಗೋ ಬೇರೆಯವರಿಗೋ ಹಾನಿ ಮಾಡೋಕೆ ಹೋಗೋದು – ಇದರಲ್ಲಿ ಒಂದು ಕಂಡ್ರೂ 108ಕ್ಕೆ ಫೋನ್ ಮಾಡಿ. ಎಲ್‌ಎಸ್‌ಡಿ ಅಂತ ಮಾರೋ ಪೇಪರ್‌ನಲ್ಲಿ ಬೇರೆ ಅಪಾಯಕಾರಿ ರಾಸಾಯನಿಕ ಇರಬಹುದು.

ಹೊಲದ ಬದುವಿನಲ್ಲಿ ಬೆಳೆಯೋ ಉಮ್ಮತ್ತಿ ಬಗ್ಗೆ ಇನ್ನೂ ಎಚ್ಚರ ಬೇಕು. ಹೋಳಿ ಹೊತ್ತಿನ ಭಂಗಿಯಲ್ಲೂ ಅದು ಬೆರೆತಿರಬಹುದು. ಬಾಯಿ ಒಣಗುತ್ತೆ, ಬೆವರು ನಿಲ್ಲುತ್ತೆ, ಮೂತ್ರ ಕಟ್ಟುತ್ತೆ, ಇಲ್ಲದವರ ಜೊತೆ ಮಾತಾಡ್ತಾರೆ, ಗೆಳೆಯರನ್ನೇ ಗುರುತಿಸಲ್ಲ. ಇದು ಬ್ಯಾಡ್ ಟ್ರಿಪ್ ಅಲ್ಲ, ವಿಷ. ‘ಗಾಳಿ ಸೋಕಿದೆ’ ಅಂತ ನಿಂಬೆಹಣ್ಣು ನಿವಾಳಿಸ್ತಾ ಕೂತ್ರೆ ಜೀವಕ್ಕೇ ಅಪಾಯ.

ಪೊಲೀಸ್ ಭಯಕ್ಕೆ ಆಸ್ಪತ್ರೆ ತಪ್ಪಿಸಬೇಡಿ. ಏನು ತಗೊಂಡಿದ್ದು, ಎಷ್ಟು ಹೊತ್ತಿಗೆ ಅನ್ನೋದನ್ನ ಡಾಕ್ಟರ್‌ಗೆ ನಿಜ ಹೇಳಿ. ಕೇಸಿನ ಚಿಂತೆ ಆಮೇಲೆ ಮಾಡಬಹುದು, ಹೋದ ಜೀವ ಬರಲ್ಲ.

ಇಳಿದ ಮೇಲೆ

ನೀರು, ಊಟ, ನಿದ್ದೆ. ಒಂದೆರಡು ದಿನ ಕಳೆದ್ರೂ ನಿದ್ದೆ ಬರ್ತಿಲ್ಲ, ಧ್ವನಿ ಕೇಳಿಸ್ತಿದೆ, ಯಾರೋ ಹಿಂಬಾಲಿಸ್ತಿದ್ದಾರೆ ಅನ್ನಿಸ್ತಿದೆ ಅಂದ್ರೆ ಮನೋವೈದ್ಯರನ್ನು ನೋಡ್ಲೇಬೇಕು. ಮನೆತನದಲ್ಲಿ ಸ್ಕಿಜೋಫ್ರೇನಿಯಾ, ಬೈಪೋಲಾರ್ ಇದ್ದವರಿಗೆ ಅಪಾಯ ಜಾಸ್ತಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.

108, 14416. ಈಗಲೇ ಎರಡನ್ನೂ ಸೇವ್ ಮಾಡ್ಕೊಳ್ಳಿ. ಹಂಪಿಗೆ ಹೊರಟಿರೋ ನಿಮ್ಮ ಗ್ರೂಪ್‌ಗೂ ಕಳಿಸಿ.