ಕೊಳೆತ ಅಣಬೆಯ ಮೇಲಿನ ಬಿಳಿಯ ಕಣಗಳು

ಮಳೆಗಾಲದಲ್ಲಿ ಕೊಳೆತ ಮರದ ಬುಡದಲ್ಲಿಯೋ ಗೊಬ್ಬರದ ಗುಂಡಿಯ ಅಂಚಿನಲ್ಲಿಯೋ ಅಣಬೆಗಳು ತಲೆಯೆತ್ತುವುದನ್ನು ವಾಚಕರು ಕಂಡಿರಬಹುದು. ಕೆಲವೇ ದಿನಗಳಲ್ಲಿ ಅವು ಬಾಡಿ ಕೊಳೆಯತೊಡಗುತ್ತವೆ. ಆಗ ಕೊಡೆಯ ಅಡಿಯ ಪದರಗಳ ನಡುವೆ ಅಕ್ಕಿಯ ನುಚ್ಚಿಗಿಂತಲೂ ಸಣ್ಣದಾದ ಬಿಳಿಯ ಕಣಗಳು ಕಾಣಿಸುವುದುಂಟು. ಅವು ಅನೇಕ ವೇಳೆ ನೊಣದ ಮೊಟ್ಟೆಗಳು. ಆದರೆ ಯಾವ ನೊಣದವು? ವಿದ್ಯಾರ್ಥಿಯೊಬ್ಬನು ಅಂತಹದೊಂದು ಅಣಬೆಯನ್ನು ನಮ್ಮ ಪ್ರಯೋಗಶಾಲೆಗೆ ತಂದು ಈ ಪ್ರಶ್ನೆಯನ್ನು ಕೇಳಿದನು. ಜೊತೆಗೆ ಇನ್ನೊಂದನ್ನೂ ಕೇಳಿದನು: "ಹುಳುಗಳು ತಿನ್ನುವ ಅಣಬೆಯನ್ನು ನಾವೂ ತಿನ್ನಬಹುದಲ್ಲವೆ, ಸಾರ್?"

ಮೊದಲನೆಯ ಪ್ರಶ್ನೆಗೆ ಭೂತಗನ್ನಡಿಯೇ ಅರ್ಧ ಉತ್ತರವನ್ನು ಕೊಡುತ್ತದೆ. ಮೊಟ್ಟೆಯು ಒಂದು ಮಿಲಿಮೀಟರಿಗಿಂತ ತುಸು ಉದ್ದವಾಗಿ, ಬಾಳೆಹಣ್ಣಿನಂತೆ ಬಾಗಿ, ಬೆನ್ನಿನುದ್ದಕ್ಕೂ ಎರಡು ಏಣುಗಳನ್ನು ಹೊಂದಿದ್ದರೆ ಅದು ಮನೆನೊಣದದ್ದೋ ಅದರ ಬಳಗದ್ದೋ ಆಗಿರಬಹುದು. ಸುಮಾರು ಅರ್ಧ ಮಿಲಿಮೀಟರ್ ಉದ್ದವಿದ್ದು, ಒಂದು ತುದಿಯಲ್ಲಿ ಕೊಂಬಿನಂತಹ ಎಳೆಗಳಿದ್ದರೆ ಅದು ಹಣ್ಣಿನ ನೊಣವಾದ ಡ್ರಾಸಾಫಿಲಾದ ಗುರುತು. ಈ ಕುಲದ ಮೆಲನೊಗ್ಯಾಸ್ಟರ್ ಜಾತಿಯ ಮೊಟ್ಟೆಗೆ ಎರಡು ಎಳೆಗಳು. ವಿರಿಲಿಸ್ ಜಾತಿಯದಕ್ಕೆ ನಾಲ್ಕು. ಎಳೆಗಳಿಲ್ಲದ ನುಣುಪಾದ ಅಂಡಾಕೃತಿಯು ಸೊಳ್ಳೆಯನ್ನು ಹೋಲುವ ಅಣಬೆನೊಣಗಳದ್ದಾಗಿರಬಹುದು.

ಮೊಟ್ಟೆಗೆ ಕೊಂಬುಗಳೇಕೆ? ಇಲ್ಲಿ ಭೌತವಿಜ್ಞಾನವು ಪ್ರವೇಶಿಸುತ್ತದೆ. ಮೊಟ್ಟೆಯೂ ಉಸಿರಾಡಬೇಕು. ಕೊಳೆಯುವ ಅಣಬೆಯ ರಸದಲ್ಲಿರುವ ಆಮ್ಲಜನಕವನ್ನು ಬ್ಯಾಕ್ಟೀರಿಯಗಳು ಕಬಳಿಸುತ್ತವೆ. ಅಲ್ಲದೆ ಆಮ್ಲಜನಕವು ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಆದುದರಿಂದ ಮೊಟ್ಟೆಯು ರಸದಲ್ಲಿ ಹುದುಗಿದ್ದರೂ ಕೊಂಬುಗಳು ಹೊರಗಿನ ಗಾಳಿಗೆ ಚಾಚಿರುತ್ತವೆ. ಮಳೆಯಲ್ಲಿ ಅವು ಮುಳುಗಿದರೂ ಹಾನಿಯಿಲ್ಲ. ಅವುಗಳ ಮೈಮೇಲಿನ ಅತಿಸೂಕ್ಷ್ಮ ಜಾಲರಿಯು ತೆಳುವಾದ ಗಾಳಿಯ ಪದರವನ್ನು ಹಿಡಿದಿಡುತ್ತದೆ. ನೀರಿನ ಮೇಲ್ಮೈ ಎಳೆತವು ನೀರನ್ನು ಆ ಕಿರಿದಾದ ಸಂದುಗಳೊಳಗೆ ನುಗ್ಗಗೊಡುವುದಿಲ್ಲ. ಮಳೆನೀರಿನಲ್ಲಿ ಕರಗಿದ ಆಮ್ಲಜನಕವು ಈ ಪದರಕ್ಕೆ ಸೇರಿ ಮೊಟ್ಟೆಯನ್ನು ತಲಪುತ್ತದೆ. ಬ್ರಿಟನ್ನಿನ ಕೀಟವಿಜ್ಞಾನಿ ಎಚ್. ಇ. ಹಿಂಟನ್ ಅವರು 1960ರ ದಶಕದಲ್ಲಿ ಇಂತಹ ರಚನೆಗಳನ್ನು ವಿವರವಾಗಿ ಅಭ್ಯಸಿಸಿದರು.

ಆದರೂ ಮೊಟ್ಟೆಯೊಂದನ್ನೇ ನೋಡಿ ಜಾತಿಯನ್ನು ನಿರ್ಧರಿಸುವುದು ದುಡುಕು. ಅಣಬೆಯ ತುಂಡನ್ನು ಒದ್ದೆ ಮರಳಿದ್ದ ಸೀಸೆಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ ಕಾದು ನೋಡಬೇಕು. ಹೊರಬಂದ ಮರಿಹುಳುವಿಗೆ ಹೊಳೆಯುವ ಕಪ್ಪು ತಲೆಯಿದ್ದರೆ ಅದು ಅಣಬೆನೊಣದ್ದೆನ್ನಬಹುದು. ಡ್ರಾಸಾಫಿಲಾದ ಹುಳುವಿಗೆ ಅಂತಹ ತಲೆಯಿಲ್ಲ. ಮೆಲನೊಗ್ಯಾಸ್ಟರಿನ ಮೊಟ್ಟೆಯಾದರೆ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು ಒಂದು ದಿನದಲ್ಲಿ ಒಡೆಯುತ್ತದೆ. ಹತ್ತು ದಿನಗಳಲ್ಲಿ ನೊಣವೇ ಹೊರಬರುತ್ತದೆ. ರೆಕ್ಕೆ ಬಂದ ನೊಣವೇ ಕೊನೆಯ ಸಾಕ್ಷಿ.

ಇನ್ನು ಎರಡನೆಯ ಪ್ರಶ್ನೆ. ಅದಕ್ಕೆ ಉತ್ತರ: ಖಂಡಿತ ಕೂಡದು! ಅಮಾನಿಟಾ ಕುಲದ ಕೆಲವು ಅಣಬೆಗಳಲ್ಲಿರುವ ಅಮಾನಿಟಿನ್ ಎಂಬ ವಿಷವು ಮನುಷ್ಯನ ಯಕೃತ್ತನ್ನು ಹಾಳುಗೆಡವಿ ಪ್ರಾಣವನ್ನೇ ತೆಗೆಯಬಲ್ಲುದು. ಆದರೆ ಅಣಬೆಯಲ್ಲಿ ಬೆಳೆಯುವ ಕೆಲವು ಡ್ರಾಸಾಫಿಲಾ ಜಾತಿಗಳು ಅದೇ ವಿಷವನ್ನು ಸಹಿಸಬಲ್ಲವೆಂದು 1983ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದರು. ಅಣಬೆಯ ಮೇಲಿನ ಮೊಟ್ಟೆಯು ನೊಣದ ಪರಿಚಯವನ್ನು ಹೇಳಬಲ್ಲುದೇ ಹೊರತು, ಆ ಅಣಬೆಯು ನಮ್ಮ ಊಟಕ್ಕೆ ಯೋಗ್ಯವೆಂದು ಎಂದಿಗೂ ಹೇಳಲಾರದು.